ಚಂದ್ರಗಿರಿ ಹೊಳೆಯ ಉತ್ತರದ ಕರಾವಳಿ

ಮಡಕಶಿರಾ, ರಾಯದುರ್ಗ ಸೀಮೆಯ ಕನ್ನಡ ಶಾಲೆಗಳ ಮಕ್ಕಳಿಗೆ ಕಡಲು ದೂರದ ಮಾತು. ಆದರೆ ಅವರಂತೆಯೇ ಹೊರರಾಜ್ಯದಲ್ಲಿದ್ದು ಕನ್ನಡದಲ್ಲಿ ಓದುವ ಮಕ್ಕಳು ಅರಬ್ಬೀ ಸಮುದ್ರದ ದಡದಲ್ಲಿಯೂ ಇದ್ದಾರೆ. ಅದು ಕೇರಳದ ಉತ್ತರ ತುದಿಯ ಕಾಸರಗೋಡು.

ನೆಲದ ಗುಣದಲ್ಲಿ ಎರಡು ಸೀಮೆಗಳಿಗೂ ಅಜಗಜಾಂತರ. ಗುಡಿಬಂಡೆಯ ಸುತ್ತ ಕಲ್ಲುಗುಡ್ಡ, ಕಡಲೆಕಾಯಿ ಹೊಲ, ಮುಗಿಲು ನೋಡುವ ರೈತ. ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿ.ಮೀ. ಮೀರಿದ ಮಳೆ, ಅಡಿಕೆ ತೆಂಗಿನ ತೋಟ. ಆದರೂ ಅಲ್ಲಿನ ಮುರಕಲ್ಲಿನ ದಿಣ್ಣೆಗಳು ನೀರನ್ನು ಹಿಡಿದಿಡವು. ಬೇಸಿಗೆಯಲ್ಲಿ ಅಲ್ಲಿಯೂ ನೀರಿಗೆ ಬರ. ಅದಕ್ಕಾಗಿ ಕೃಷಿಕರು ಗುಡ್ಡದ ಮಗ್ಗುಲಿನಲ್ಲಿ ಅಡ್ಡಲಾಗಿ ಆಳು ಹೋಗುವಷ್ಟು ಮಾರ್ಗ ಕೊರೆದು, ಒಸರುವ ನೀರನ್ನು ಹೊರಕ್ಕೆ ಹರಿಯಿಸಿಕೊಂಡರು. ಇದಕ್ಕೆ ಸುರಂಗವೆಂದೇ ಹೆಸರು. ವಿದ್ಯುತ್ತು ಬೇಡ, ಪಂಪು ಬೇಡ. ಕೊಳವೆಬಾವಿ ಬತ್ತುವುದನ್ನು ಕಂಡವರಿಗೆ ಇದರ ಬೆಲೆ ತಿಳಿಯದಿರದು.

ಕೊಡಗಿನ ಘಟ್ಟದಲ್ಲಿ ಹುಟ್ಟಿ ಕಾಸರಗೋಡಿನ ಬಳಿ ಕಡಲು ಸೇರುವ ಚಂದ್ರಗಿರಿ ಹೊಳೆಯನ್ನು ಹಿಂದಿನವರು ತುಳುನಾಡಿಗೂ ಮಲೆಯಾಳ ದೇಶಕ್ಕೂ ಗಡಿಯೆಂದು ಎಣಿಸಿದ್ದರು. ಕೆಳದಿ ನಾಯಕರ ಆಳ್ವಿಕೆ ಹೊಳೆಯನ್ನೂ ದಾಟಿತ್ತೆಂಬುದಕ್ಕೆ ಬೇಕಲದ ಕೋಟೆ ಸಾಕ್ಷಿ. 1799ರಲ್ಲಿ ಟಿಪ್ಪು ಮಡಿದ ಬಳಿಕ ಕೆನರಾ ಇಂಗ್ಲಿಷರ ಪಾಲಾಯಿತು. ಮುಂದೆ ಕಾಸರಗೋಡು ಮದರಾಸಿಗೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯ ತಾಲ್ಲೂಕಾಗಿತ್ತು. ಮಂಜೇಶ್ವರದ ಗೋವಿಂದ ಪೈಗಳಿಗೆ 1949ರಲ್ಲಿ ರಾಷ್ಟ್ರಕವಿ ಪದವಿ ನೀಡಿದ್ದು ಮದರಾಸು ಸರ್ಕಾರವೇ.

1956ರ ರಾಜ್ಯ ಪುನರ್ವಿಂಗಡಣಾ ಕಾಯಿದೆ ದಕ್ಷಿಣ ಕನ್ನಡವನ್ನು ಮೈಸೂರಿಗೂ ಅದರೊಳಗಿನ ಕಾಸರಗೋಡು ತಾಲ್ಲೂಕನ್ನು ಕೇರಳಕ್ಕೂ ಕೊಟ್ಟಿತು. ಜಿಲ್ಲೆಯನ್ನು ಒಡೆಯಬಹುದು, ತಾಲ್ಲೂಕನ್ನು ಮಾತ್ರ ಒಡೆಯಲಾಗದು ಎಂಬ ಈ ನ್ಯಾಯಕ್ಕೆ ತಕ್ಕ ಸಮರ್ಥನೆ ಕಾಣುವುದಿಲ್ಲ. ತಾಲ್ಲೂಕಿನ ಒಟ್ಟು ಲೆಕ್ಕದಲ್ಲಿ ಮಲೆಯಾಳ ಮುಂದಿದ್ದುದರಿಂದ ಹೊಳೆಯ ಉತ್ತರದ ಕನ್ನಡ ಗ್ರಾಮಗಳೂ ಜೊತೆಗೆ ಹೋದವು. ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿತು, ವರದಿ ಜಾರಿಯಾಗಲಿಲ್ಲ. 1984ರಲ್ಲಿ ಕಾಸರಗೋಡು ಕೇರಳದ ಪ್ರತ್ಯೇಕ ಜಿಲ್ಲೆಯಾಯಿತು.

ಇತ್ತ ರಾಯದುರ್ಗದ ಕತೆ ಮೂರು ವರ್ಷ ಹಳೆಯದು. ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ 1ರಂದು ಒಡೆದಾಗ ಆದವಾನಿ, ಆಲೂರುಗಳೊಡನೆ ರಾಯದುರ್ಗವೂ ಆಂಧ್ರಕ್ಕೆ ಸಂದಿತು. ಮಡಕಶಿರಾ ಮೊದಲೇ ಅನಂತಪುರದಲ್ಲಿತ್ತು.

ಕಾಸರಗೋಡು ಕೈಬಿಟ್ಟ ದಿನವೇ, 1956ರ ನವೆಂಬರ್ 1ರಂದು, ಸಂವಿಧಾನದ ಏಳನೆಯ ತಿದ್ದುಪಡಿಯೂ ಜಾರಿಗೆ ಬಂದಿತು. ಅದು ಸೇರಿಸಿದ 350ಎ ವಿಧಿಯಂತೆ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಪ್ರಯತ್ನಿಸತಕ್ಕದ್ದು. ‘ಪ್ರಯತ್ನ’ವೆಂಬುದು ಸಡಿಲ ಪದ. ಆದರೂ ಪಾಠಪುಸ್ತಕವಿಲ್ಲ, ಶಿಕ್ಷಕರಿಲ್ಲವೆಂದು ಮನವಿ ಬರೆಯುವ ಪೋಷಕರು, ಮಂಜೇಶ್ವರದವರಾಗಲಿ ಗುಡಿಬಂಡೆಯವರಾಗಲಿ, ಮೊದಲ ಸಾಲಿನಲ್ಲಿ ಈ ವಿಧಿಯ ಸಂಖ್ಯೆಯನ್ನು ನಮೂದಿಸಬೇಕು. ಸೌಲಭ್ಯ ದೊರೆಯುವಂತೆ ಮಾಡಲು ರಾಷ್ಟ್ರಪತಿಯವರು ರಾಜ್ಯಕ್ಕೆ ನಿರ್ದೇಶನ ನೀಡಬಹುದೆಂದೂ ಅದರಲ್ಲಿಯೇ ಇದೆ.