ಗೌಪ್ಯ ಎಂದರೆ ಯಾರಿಗೆ ಗೌಪ್ಯ?

ಇಂಗ್ಲಿಷಿನ ‘ಪ್ರಿವಿ’ ಎಂಬ ಹಳೇ ಪದ ಕಂಡಕೂಡಲೇ ‘ಗೌಪ್ಯ’ ಎಂದು ಬರೆದು ಮುಂದೆ ಹೋಗುವ ಚಾಳಿಯನ್ನು ನಮ್ಮ ಅನುವಾದಕರು ಬಿಡಬೇಕು. ಅದು ಅರ್ಧ ಅನುವಾದ. ಬಿಟ್ಟುಹೋದ ಅರ್ಧದಲ್ಲೇ ರಾಜಕೀಯವಿರುವುದು.

ಪದಕ್ಕೆ ಹಲವು ವೇಷ. ದೊರೆಯ ಆಪ್ತ ಸಲಹೆಗಾರರ ಸಭೆ ಪ್ರಿವಿ ಕೌನ್ಸಿಲ್. 1949ರವರೆಗೆ ಇಲ್ಲಿನ ಮೊಕದ್ದಮೆಗಳ ಕೊನೆಯ ಮೇಲ್ಮನವಿಯೂ ಅದರ ನ್ಯಾಯಸಮಿತಿಗೇ ಹೋಗುತ್ತಿತ್ತು. ಮೈಸೂರಿನ ಒಡೆಯರೂ ಸೇರಿದಂತೆ ಮಾಜಿ ಅರಸರಿಗೆ ಸಿಗುತ್ತಿದ್ದ, 1971ರಲ್ಲಿ ರದ್ದಾದ ಪ್ರಿವಿ ಪರ್ಸ್ ಕನ್ನಡದಲ್ಲಿ ‘ರಾಜಧನ’ವಾಯಿತು. ಹಿತ್ತಲ ಕಕ್ಕಸಿಗೂ ಇದೇ ಹೆಸರು. ನಗಬೇಡಿ, ನಮ್ಮ ‘ಮರ್ಮ’ವೂ ಒಳಗುಟ್ಟಿನಿಂದ ಮರ್ಮಾಂಗದವರೆಗೆ ಓಡಾಡುತ್ತದೆ.

ಆದರೆ ಒಬ್ಬರು ಒಂದು ವಿಷಯಕ್ಕೆ ‘ಪ್ರಿವಿ’ ಆಗಿದ್ದರು ಎಂದಾಗ ಆ ಪದ ಗುಟ್ಟನ್ನು ಬಿಟ್ಟು ಮನುಷ್ಯನತ್ತ ಬೆರಳು ತೋರಿಸುತ್ತದೆ. ಇವರಿಗೆ ಗೊತ್ತಿತ್ತು, ಉಳಿದವರಿಗೆ ಗೊತ್ತಿರಲಿಲ್ಲ. ‘ಗೌಪ್ಯ’ ಹಾಗಲ್ಲ. ಅದು ವಿಷಯಕ್ಕೆ ಬೀಗ ಜಡಿದು, ಕೀಲಿಕೈ ಯಾರ ಸೊಂಟದಲ್ಲಿದೆ ಎಂಬುದನ್ನೇ ಮರೆಸುತ್ತದೆ. ಜೊತೆಗೆ ನಮ್ಮ ಕಚೇರಿ ಕನ್ನಡದ ‘ಇಡಲಾಗಿದೆ’ ಸೇರಿಕೊಂಡರಂತೂ ಮುಗಿಯಿತು: ಇಟ್ಟವರೇ ಇಲ್ಲ!

ಇದು ಬರೀ ನಿಘಂಟಿನ ಜಗಳವಲ್ಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 13 ಹಳ್ಳಿಗಳ 1,777 ಎಕರೆಯ ಸ್ವಾಧೀನದ ವಿರುದ್ಧ ರೈತರು 2022ರಿಂದ ಧರಣಿ ಕೂತರು. 2025ರ ಜುಲೈನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಇಂಥ ಸ್ವಾಧೀನಕ್ಕೆ ಬಳಸುವ 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಮೊದಲು ಪ್ರಾಥಮಿಕ ಅಧಿಸೂಚನೆ, ನಂತರ ನೋಟಿಸು, ಆಕ್ಷೇಪಣೆ, ಕೊನೆಗೆ ಅಂತಿಮ ಅಧಿಸೂಚನೆ. ಅಂದರೆ ಹೊಲದ ಒಡೆಯನಿಗೆ ಕಾನೂನುಬದ್ಧವಾಗಿ ವಿಷಯ ಮುಟ್ಟುವುದು ಅಧಿಸೂಚನೆ ಹೊರಬಿದ್ದ ಮೇಲೆ. ಅದಕ್ಕೂ ಮುಂಚೆ ಯಾರೋ ನಕ್ಷೆಯಲ್ಲಿ ಗೆರೆ ಎಳೆದಿರುತ್ತಾರೆ, ಯಾರೋ ಸರ್ವೆ ನಂಬರುಗಳ ಪಟ್ಟಿ ಮಾಡಿರುತ್ತಾರೆ, ಕಡತ ನಾಲ್ಕಾರು ಮೇಜು ದಾಟಿರುತ್ತದೆ. ಅವರೆಲ್ಲ ಕಳ್ಳರೆಂದು ನಾನು ಹೇಳುತ್ತಿಲ್ಲ. ಆ ಅವಧಿಯಲ್ಲಿ ಹೊಲ ಮಾರಿದ ರೈತನಿಗೂ ಕೊಂಡವನಿಗೂ ಒಂದೇ ವಿಷಯ ಗೊತ್ತಿತ್ತೇ ಎಂದು ಕೇಳಬೇಕು. ‘ಯೋಜನೆ ಗೌಪ್ಯವಾಗಿತ್ತು’ ಎಂಬ ವಾಕ್ಯದಲ್ಲಿ ಆ ಪ್ರಶ್ನೆಗೆ ಜಾಗವೇ ಇಲ್ಲ.

ಕನ್ನಡದಲ್ಲಿ ಸಮಾನ ಪದವಿಲ್ಲ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ‘ಒಳಗುಟ್ಟು ಬಲ್ಲವರು’ ಎಂದರೆ ಯಾರಿಗೆ ಅರ್ಥವಾಗದು? ಹಳ್ಳಿಕಟ್ಟೆಯಲ್ಲಿ ‘ಒಳಗಿನ ಸಮಾಚಾರ ಗೊತ್ತಿದ್ದೋರು’ ಎನ್ನುತ್ತಾರೆ. ಅದು ಪದವಲ್ಲ, ಪದಪುಂಜ ಎಂದು ಪಾರಿಭಾಷಿಕ ಪಂಡಿತರು ಮೂಗು ಮುರಿಯಬಹುದು, ಮುರಿಯಲಿ. ‘ಗೌಪ್ಯ ಸಭೆ’ ಎಂದು ತಲೆಬರಹ ಕೊಡುವ ಪತ್ರಿಕೆಗಳು ಕೆಳಗಿನ ಸಾಲಿನಲ್ಲಿ ಆ ಸಭೆಯಲ್ಲಿ ಯಾರ್‍ಯಾರು ಕೂತಿದ್ದರು ಎಂಬುದನ್ನೂ ಬರೆಯಲಿ.