ಕನಸೇನು ಯಾರಪ್ಪನ ಉಂಬಳಿಯೆ?

ನಮ್ಮ ಸಭೆಗಳಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತಿದೆ. ಭೂತ, ಮಾಯೆ, ಮಾತಾಡುವ ಮರ, ಹಾರುವ ಕುದುರೆ ಇವೆಲ್ಲ ಹೊಟ್ಟೆ ತುಂಬಿದವರ ಕಾಲಕ್ಷೇಪವಂತೆ. ದಲಿತ ಬರೆದರೆ ಹಸಿವನ್ನು ಬರೆಯಬೇಕು, ಅವಮಾನವನ್ನು ಬರೆಯಬೇಕು, ಕಂಡದ್ದನ್ನು ಕಂಡ ಹಾಗೇ ಬರೆಯಬೇಕಂತೆ. ಅದ್ಭುತ ಕಥೆ ಓದುವ ಹುಡುಗ ಹೋರಾಟಕ್ಕೆ ಒದಗುವುದಿಲ್ಲವಂತೆ. ಹೀಗನ್ನುವವರು ನಮ್ಮವರೇ. ಅವರ ಕಾಳಜಿಯನ್ನು ಗೌರವಿಸುತ್ತೇವೆ. ಮಾತನ್ನು ಮಾತ್ರ ಒಪ್ಪುವುದಿಲ್ಲ.

ಯಾಕೆ ಒಪ್ಪುವುದಿಲ್ಲ ಅಂದರೆ, ತಲೆತಲಾಂತರದಿಂದ ನಮ್ಮ ಕೈಕಾಲು ಕಟ್ಟಿಹಾಕಿದ್ದೇ ಒಂದು ಅದ್ಭುತ ಕಥೆ. ಒಬ್ಬ ಮಹಾಪುರುಷನಿದ್ದನಂತೆ. ಅವನ ಬಾಯಿಂದ ಒಬ್ಬ ಹುಟ್ಟಿದನಂತೆ, ತೋಳಿಂದ ಇನ್ನೊಬ್ಬ, ತೊಡೆಯಿಂದ ಮತ್ತೊಬ್ಬ, ಪಾದದಿಂದ ಕಡೆಯವನು. ನಾವು ಎಲ್ಲಿಂದ ಹುಟ್ಟಿದೆವು? ಆ ಮೈಯಲ್ಲಿ ನಮಗೆ ಉಗುರಿನಷ್ಟೂ ಜಾಗ ಇರಲಿಲ್ಲ. ಹ್ವಾಯ್, ಇದಕ್ಕಿಂತ ದೊಡ್ಡ ಫ್ಯಾಂಟಸಿ ಬೇಕಾ? ಓದುಗರು ಇದನ್ನು ಯಾಕೆ ಇಷ್ಟು ಕಾಲ ಮೆಚ್ಚಿದರು ಅಂತ ಕೇಳಿದರೆ ಉತ್ತರ ಸುಲಭ. ಮೆಚ್ಚಿದವರಿಗೆ ಗದ್ದೆ ಸಿಕ್ಕಿತು, ಗುಡಿ ಸಿಕ್ಕಿತು, ಬಿಟ್ಟಿ ದುಡಿಯುವ ಆಳು ಸಿಕ್ಕಿದ. ಮೆಚ್ಚದೆ ಏನು ಮಾಡುತ್ತಾರೆ!

ಉಗುರು ಮಾತ್ರ ಬೇರೆ ದಾರಿಯಲ್ಲಿ ನಮ್ಮ ಪಾಲಿಗೆ ಬಂತು. ಕರಾವಳಿಯಲ್ಲಿ ಅಜಲು ಎಂಬ ಪದ್ಧತಿ ಇತ್ತು. ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸಿದರೆ ಮೇಲ್ಜಾತಿ ಮನೆಯ ಕೇಡು ಕೊರಗರ ಮೈಗೆ ದಾಟಿಹೋಗುತ್ತದೆ ಎಂಬ ನಂಬಿಕೆ. ಇದನ್ನು ನಿಷೇಧಿಸುವುದಕ್ಕೆ ಕರ್ನಾಟಕದಲ್ಲಿ 2000ನೇ ಇಸವಿಯ ಕಾನೂನು ಬೇಕಾಯಿತು. 1950ರಲ್ಲೇ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತ್ತು. ಅದಾಗಿ ಐವತ್ತು ವರ್ಷ ಕಳೆದಿತ್ತು! ಕೇಡು ಅನ್ನದ ತುತ್ತಿನ ಮೇಲೆ ಸವಾರಿ ಮಾಡಿ ಒಬ್ಬರ ಮೈಯಿಂದ ಇನ್ನೊಬ್ಬರ ಮೈಗೆ ಹೋಗುವುದು ಯಾವ ವಾಸ್ತವ? ಇದು ಅಪ್ಪಟ ಮಾಟದ ಕಥೆ. ಬರೆದವರು ಯಾರೋ, ಉಂಡವರು ಕೊರಗರು.

ಹಾಗಾಗಿ ಗೆರೆಯನ್ನು ಸರಿಯಾದ ಜಾಗದಲ್ಲಿ ಎಳೆಯೋಣ. ಕಥೆ ತಾನು ಕಥೆ ಎಂದು ಒಪ್ಪಿಕೊಂಡರೆ ಅದು ಸಾಹಿತ್ಯ. ಒಪ್ಪಿಕೊಳ್ಳದೆ ಎದೆ ಮೇಲೆ ಬಂದು ಕೂತರೆ ಅದು ಶಾಸ್ತ್ರ. ನಮ್ಮ ಜಗಳ ಇರುವುದು ಶಾಸ್ತ್ರದ ಜೊತೆ. ಆ ಸಿಟ್ಟನ್ನು ಸಾಹಿತ್ಯದ ಮೇಲೆ ತೀರಿಸಿಕೊಂಡರೆ ಶಾಸ್ತ್ರಕ್ಕೆ ಏನೂ ಆಗುವುದಿಲ್ಲ, ನಮ್ಮ ಮಕ್ಕಳ ಕನಸು ಮಾತ್ರ ಬಡವಾಗುತ್ತದೆ.

ಜನ ಅದ್ಭುತವನ್ನು ಯಾಕೆ ಪ್ರೀತಿಸುತ್ತಾರೆ? ನಮ್ಮ ಊರಿನ ಆಟವನ್ನೇ ನೋಡಿ. ಹಾರಾಡಿ ತಿಟ್ಟು, ಮಟಪಾಡಿ ತಿಟ್ಟು ಅಂತ ಯಕ್ಷಗಾನದ ಶೈಲಿಗೆ ಹೆಸರು ಕೊಟ್ಟ ಊರುಗಳು ಬ್ರಹ್ಮಾವರದ ಮಗ್ಗುಲಲ್ಲೇ ಇವೆ. ದೊಂದಿ ಬೆಳಕಿನ ಕಾಲದಲ್ಲಿ ರಾಳದ ಪುಡಿ ಎರಚಿ, ಭಗ್ಗನೆ ಬೆಂಕಿ ಎಬ್ಬಿಸಿ ಬಣ್ಣದ ವೇಷ ಬರುತ್ತಿತ್ತು. ‘ಆಟ ಕಾಂಬುಕೆ’ ಹೋದ ಮಕ್ಕಳು ನಿದ್ದೆ ತಡೆದು ಕೂರುತ್ತಿದ್ದದ್ದು ರಾಕ್ಷಸನಿಗಾಗಿ. ಅವನು ಆರ್ಭಟಿಸುತ್ತಾನೆ, ದೇವರನ್ನು ಪ್ರಶ್ನೆ ಮಾಡುತ್ತಾನೆ. ಆಟದಲ್ಲಿ ಪದ್ಯ ಕವಿಯದು, ಅರ್ಥ ವೇಷಧಾರಿಯದು. ಮಾತು ಬಲ್ಲ ರಾಕ್ಷಸ ಇಂದ್ರನನ್ನೇ ವಾದದಲ್ಲಿ ಮಣ್ಣುಮುಕ್ಕಿಸಬಹುದು. ಆದರೆ ಕಥೆಯನ್ನು ಕವಿ ಕಟ್ಟಿಯಾಗಿದೆ. ವಾದ ಗೆದ್ದವನೂ ಬೆಳಗಿನ ಜಾವಕ್ಕೆ ಸಾಯಲೇಬೇಕು. ದೂರದಲ್ಲಿ ಕೂತು ನೋಡಿದ ನಮ್ಮ ಹಿರಿಯರಿಗೆ ಆ ವೇಷದ ಮೇಲೆ ಯಾಕೆ ಅಷ್ಟು ಅಕ್ಕರೆ ಇತ್ತು ಎಂದು ಬಿಡಿಸಿ ಹೇಳಬೇಕೆ?

ಈಗ ಕೋಟಕ್ಕೆ ಬನ್ನಿ. 1902ರಲ್ಲಿ ಅಲ್ಲಿ ಹುಟ್ಟಿದ ಶಿವರಾಮ ಕಾರಂತರು ಬರೆದ ಎರಡು ಕಾದಂಬರಿಗಳನ್ನು ಪಕ್ಕಪಕ್ಕ ಇಟ್ಟು ಓದಿ. 1933ರ ‘ಚೋಮನ ದುಡಿ’ಯಲ್ಲಿ ಚೋಮನ ಮಗ ನೀರಿನಲ್ಲಿ ಮುಳುಗುತ್ತಾನೆ. ದಡದಲ್ಲಿ ಜನ ಇದ್ದಾರೆ. ಹೊಲೆಯರ ಹುಡುಗನನ್ನು ಮುಟ್ಟುವುದು ಹೇಗೆ? ಹುಡುಗ ಸಾಯುತ್ತಾನೆ. 1968ರ ‘ಮೂಕಜ್ಜಿಯ ಕನಸುಗಳು’ ಕಾದಂಬರಿಯಲ್ಲಿ ಎಳವೆಯಲ್ಲೇ ವಿಧವೆಯಾದ ಅಜ್ಜಿಯೊಬ್ಬಳಿದ್ದಾಳೆ. ಮೊಮ್ಮಗ ತಂದುಕೊಟ್ಟ ವಸ್ತುವನ್ನು ಅಂಗೈಯಲ್ಲಿ ಹಿಡಿದರೆ ಸಾಕು, ಅದರ ಹಿಂದಿನ ಕಾಲವೆಲ್ಲ ಅವಳ ಕಣ್ಣ ಮುಂದೆ ಬರುತ್ತದೆ. ಈ ಪುಸ್ತಕಕ್ಕೆ 1977ರ ಜ್ಞಾನಪೀಠ ಬಂತು. ಓದುಗರು ಇವತ್ತಿಗೂ ಈ ಅಜ್ಜಿಯನ್ನು ಬಿಟ್ಟುಕೊಟ್ಟಿಲ್ಲ.

ಲೇಖಕ ಒಬ್ಬನೇ. ಒಂದರಲ್ಲಿ ಮುಟ್ಟದೆ ಕೊಲ್ಲುತ್ತಾರೆ. ಇನ್ನೊಂದರಲ್ಲಿ ಮುಟ್ಟಿದರೆ ಸತ್ಯ ಕಾಣುತ್ತದೆ. ವಿಮರ್ಶಕರು ಮೊದಲನೆಯದಕ್ಕೆ ವಾಸ್ತವ ಎಂದು ಚೀಟಿ ಅಂಟಿಸಿದರು, ಎರಡನೆಯದಕ್ಕೆ ಅತೀಂದ್ರಿಯ ಎಂದು. ನಾವು ಕೇಳುವುದು ಇಷ್ಟೆ: ಆ ಅಜ್ಜಿಯ ಅಂಗೈ ಮೇಲೆ ಒಂದು ಕೊರಗರ ಬುಟ್ಟಿ ಇಡಿ. ಚೋಮನ ದುಡಿಯ ಒಡೆದ ಚರ್ಮ ಇಡಿ. ಹೋಟೆಲಿನ ಹಿಂದೆ ನಮಗೆಂದೇ ಬೇರೆ ಇಡುತ್ತಿದ್ದ ಚಿಪ್ಪು ಇಡಿ. ಆಗ ಅಜ್ಜಿ ಏನು ಕಾಣುತ್ತಾಳೆ? ಆ ಕನಸು ಇನ್ನೂ ಬರೆಯಬೇಕಾಗಿದೆ. ಅದನ್ನು ಬರೆಯುವ ಕೈ ಆ ಬುಟ್ಟಿ ಹೆಣೆದವರ ಮನೆಯಿಂದಲೇ ಬರಬೇಕು.

ಮುಟ್ಟಿದರೆ ಕಾಲ ಕಾಣುತ್ತದೆ ಎಂಬುದು ನಮಗೆ ಬರೀ ಕಲ್ಪನೆಯಲ್ಲ. 1927ರ ಮಾರ್ಚ್ 20ರಂದು ಮಹಾಡಿನ ಚವದಾರ ಕೆರೆಯ ನೀರನ್ನು ಬಾಬಾಸಾಹೇಬರು ಮುಟ್ಟಿ ಕುಡಿದರು. ಮೂಕಜ್ಜಿ ಮುಟ್ಟಿದಾಗ ಹಿಂದಿನದು ಕಂಡಿತು. ಅಂಬೇಡ್ಕರ್ ಮುಟ್ಟಿದಾಗ ಮುಂದಿನದು ಕಂಡಿತು.

ಪೇಟೆಯ ಇಂಗ್ಲಿಷ್ ಮೀಡಿಯಂ ಮಕ್ಕಳನ್ನು ಕೇಳಿದರೆ ಹ್ಯಾರಿ ಪಾಟರ್ ಅನ್ನುತ್ತಾರೆ. ಓದಲಿ. 1997ರಿಂದ ಲೋಕವೇ ಓದುತ್ತಿರುವ ಆ ಕಥೆಯಲ್ಲೂ ನಮ್ಮ ಕಥೆ ಇದೆ. ಮಾಟಗಾರರ ಮನೆತನದಲ್ಲಿ ಹುಟ್ಟದ ಹರ್ಮೈನಿ ಎಂಬ ಹುಡುಗಿಗೆ ಕೆಸರು ರಕ್ತದವಳು ಎಂದು ಬೈಯುತ್ತಾರೆ. ಡಾಬಿ ಎಂಬ ಮನೆಯಾಳಿಗೆ ಯಜಮಾನನ ಕೈಯಿಂದ ಒಂದು ಬಟ್ಟೆ ಸಿಕ್ಕರೆ ಬಿಡುಗಡೆ; ಅವನಿಗೆ ಸಿಕ್ಕಿದ್ದು ಒಂದು ಕಾಲುಚೀಲ. ಅದನ್ನು ಓದಿ ಕಣ್ಣೊರೆಸಿಕೊಳ್ಳುವ ಮಗು ತನ್ನ ಮನೆಯ ಹಿತ್ತಿಲಲ್ಲಿ ಕೆಲಸದವಳಿಗೆ ಬೇರೆ ಲೋಟ ಇಟ್ಟಿರುವುದನ್ನು ಕಾಣುವುದಿಲ್ಲ. ಪುಸ್ತಕವನ್ನು ದೂರಿ ಪ್ರಯೋಜನವಿಲ್ಲ. ಕಾಲುಚೀಲದಿಂದ ಲೋಟಕ್ಕೆ ದಾರಿ ತೋರಿಸುವವರು ಬೇಕು. ಆ ಕೆಲಸ ಮಾಸ್ತರರದ್ದು.

ಕನ್ನಡದಲ್ಲಿ ಆ ದಾರಿ ತೋರಿದವರು ಇದ್ದಾರೆ. ಕುವೆಂಪು 1944ರಲ್ಲಿ ‘ಶೂದ್ರ ತಪಸ್ವಿ’ ನಾಟಕ ಬರೆದರು. ಶಂಬೂಕನನ್ನು ಕೊಲ್ಲಲು ಹೊರಟ ರಾಮನ ಬಾಣ ಶಂಬೂಕನಿಗೆ ನಮಿಸಿ, ದೂರು ತಂದ ಬ್ರಾಹ್ಮಣನ ಕಡೆಗೇ ತಿರುಗುತ್ತದೆ! ಬಾಣಕ್ಕೆ ಬುದ್ಧಿ ಬರುವುದು ವಾಸ್ತವದಲ್ಲಿ ಇಲ್ಲ ನಿಜ. ಆದರೆ ಆ ಬಾಣ ತಿರುಗದೇ ಹೋಗಿದ್ದರೆ ನಮ್ಮಂಥವರ ತಲೆ ಎತ್ತುವುದಕ್ಕೆ ಇನ್ನಷ್ಟು ತಡವಾಗುತ್ತಿತ್ತು. ತೇಜಸ್ವಿಯವರ ‘ಕರ್ವಾಲೊ’ 1980ರಲ್ಲಿ ಬಂತು. ಹಾರುವ ಓತಿಯನ್ನು ಹುಡುಕಿ ಹೋಗುವ ಕಥೆ. ಹಳ್ಳಿ ಶಾಲೆಯ ಮಕ್ಕಳಿಗೆ ಅದು ಯಾಕೆ ಪ್ರಿಯ? ಓತಿಯನ್ನು ಕಂಡವನು ಡಿಗ್ರಿಯಿಲ್ಲದ ಮಂದಣ್ಣ. ಊರು ಅವನನ್ನು ದಡ್ಡ ಅನ್ನುತ್ತದೆ, ವಿಜ್ಞಾನಿ ಅವನ ಹಿಂದೆ ಹೋಗುತ್ತಾನೆ.

ಆಮೇಲೆ ನಮ್ಮ ದೇವನೂರು. 1984ರ ‘ಕುಸುಮಬಾಲೆ’ಯಲ್ಲಿ ದೀಪದ ಜೋತಮ್ಮಗಳು ರಾತ್ರಿ ಒಂದೆಡೆ ಸೇರಿ ಸುಖದುಃಖ ಮಾತಾಡಿಕೊಳ್ಳುತ್ತವೆ, ಮಂಚ ಕಥೆ ಹೇಳುತ್ತದೆ. ಭಾಷೆ ಅರ್ಥವಾಗುವುದಿಲ್ಲ ಎಂದು ದೂರಿದವರಿದ್ದರು. ನಂಜನಗೂಡು ಸೀಮೆಯ ಕೇರಿಯ ಮಾತು ಅದು, ಅರ್ಥವಾಗಬೇಕಾದರೆ ಕೇರಿಗೆ ಬರಬೇಕು! 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮೇಲ್ಜಾತಿಯ ಹೆಣ್ಣನ್ನು ಪ್ರೀತಿಸಿ ಕೊಲೆಯಾದ ಚನ್ನನ ಕಥೆಗೆ ಮನುಷ್ಯ ಸಾಕ್ಷಿ ಸಿಗದ ಲೋಕದಲ್ಲಿ ದೀಪ ಸಾಕ್ಷಿಯಾಗುತ್ತದೆ, ಮಂಚ ಸಾಕ್ಷಿಯಾಗುತ್ತದೆ. ಕೋರ್ಟಿನಲ್ಲಿ ನಮ್ಮ ಸಾಕ್ಷಿಗಳು ತಿರುಗಿಬೀಳುವುದನ್ನು ಎಷ್ಟು ಸಲ ನೋಡಿಲ್ಲ ನಾವು? ಇಂಥ ಕಡೆ ಫ್ಯಾಂಟಸಿಯನ್ನು ಪಲಾಯನ ಅನ್ನುವವರಿಗೆ ಬಡವರ ಕೇಸಿನ ಅನುಭವ ಇಲ್ಲ.

ಸಮುದ್ರದಾಚೆಯೂ ಹೀಗೇ. ಅಮೆರಿಕದ ಕಪ್ಪು ಲೇಖಕಿ ಆಕ್ಟೇವಿಯಾ ಬಟ್ಲರ್ (1947–2006) ಮನೆಗೆಲಸದ ಹೆಂಗಸಿನ ಮಗಳು. ತಾಯಿ ಯಜಮಾನರ ಮನೆಗೆ ಹಿಂಬಾಗಿಲಿನಿಂದ ಹೋಗುವುದನ್ನು ಕಂಡು ಬೆಳೆದವಳು. 1979ರ ‘ಕಿಂಡ್ರೆಡ್’ ಕಾದಂಬರಿಯಲ್ಲಿ 1976ರ ಕ್ಯಾಲಿಫೋರ್ನಿಯಾದ ಡೇನಾ ಎಂಬ ಕಪ್ಪು ಹೆಂಗಸು ಇದ್ದಕ್ಕಿದ್ದಂತೆ ಗುಲಾಮಗಿರಿಯ ಕಾಲದ ಮೇರಿಲ್ಯಾಂಡಿನ ತೋಟಕ್ಕೆ ಎಳೆಯಲ್ಪಡುತ್ತಾಳೆ. ಕಡೆಯ ಸಲ ಮರಳುವಾಗ ಒಂದು ತೋಳನ್ನು ಕಳೆದುಕೊಂಡೇ ಬರುತ್ತಾಳೆ. ಹಿಂದಿನ ಕಾಲ ಮುಗಿದಿದೆ, ಮರೆತುಬಿಡಿ ಎನ್ನುವವರಿಗೆ ಆ ತೋಳಿಗಿಂತ ದೊಡ್ಡ ಉತ್ತರ ಬೇಕೆ?

ನಮ್ಮ ಮಣ್ಣಿನ ಅದ್ಭುತ ಕಥೆಗಾರರ ಹೆಸರನ್ನೇ ಯಾರೂ ಬರೆದಿಡಲಿಲ್ಲ. ಬ್ರಹ್ಮಾವರದ ಕಡೆಯ ತುಳುವರ ಪಾಡ್ದನಗಳನ್ನು ಕಟ್ಟಿದವರು ಗದ್ದೆಯಲ್ಲಿ ನೆಟ್ಟಿ ನೆಟ್ಟ ಹೆಂಗಸರು, ಕೋಲ ಕಟ್ಟಿದ ಪಾಣರು, ಪಂಬದರು, ನಲಿಕೆಯವರು. 2022ರಲ್ಲಿ ಕೆರಾಡಿಯ ಹುಡುಗ ರಿಷಬ್ ಶೆಟ್ಟಿ ‘ಕಾಂತಾರ’ ಸಿನೆಮಾ ಮಾಡಿದಾಗ ದೇಶವೆಲ್ಲ ಕಣ್ಣರಳಿಸಿ ನೋಡಿತು. ದೈವದ ಕಥೆಯ ಶಕ್ತಿ ಅಂಥದು. ಕೋಲದ ರಾತ್ರಿ ದೈವ ನುಡಿ ಕೊಡುವಾಗ ಜಮೀನ್ದಾರ ಕೈಮುಗಿದು ನಿಲ್ಲುತ್ತಾನೆ. ಬೆಳಗಾಗಿ ಬಣ್ಣ ತೊಳೆದರೆ ಅದೇ ಮನುಷ್ಯ ಅಂಗಳದ ಕೆಳಗೆ ನಿಲ್ಲಬೇಕಿತ್ತು. ಒಂದು ರಾತ್ರಿಯ ದೇವರು! ಆ ರಾತ್ರಿಯನ್ನು ಹಗಲಿಗೂ ಎಳೆದು ತರುವ ಕಥೆ ಬೇಕಾಗಿದೆ.

ಪಾಡ್ದನಗಳಲ್ಲಿ ಒಂದು ಮಾತು ಬರುತ್ತದೆ: ಮಾಯ. ಕೊರಗತನಿಯ ದೇವಸ್ಥಾನಕ್ಕೆ ಹೊರೆ ಹೊತ್ತುಹೋದ, ಒಳಗೆ ಬಿಡಲಿಲ್ಲ, ಅಲ್ಲೇ ಮಾಯವಾದ, ದೈವವಾದ. ಇವತ್ತು ಕೊರಗಜ್ಜ ಎಂದು ಎಲ್ಲ ಜಾತಿಯವರೂ ಕೈಮುಗಿಯುತ್ತಾರೆ. ಒಳಗೆ ಬಿಡದ ಬಾಗಿಲ ಮುಂದೆ ಒಬ್ಬ ಕೊರಗ ಹುಡುಗ ಹೇಗೆ ಮಾಯವಾಗುತ್ತಾನೆ? ನಮಗೆ ಕಾಣುವುದು ಇದು: ‘ಕೊಂದರು’ ಎಂದು ಬಾಯಿಬಿಟ್ಟು ಹೇಳಲಾಗದ ಜನ ‘ಮಾಯ’ ಎಂದು ಹಾಡಿದರು. ಯಜಮಾನನ ಅಂಗಳದಲ್ಲೇ ನಿಂತು, ಯಜಮಾನನ ಕಿವಿಗೇ ಬೀಳುವ ಹಾಗೆ ಹಾಡಿದರು. ಅವನಿಗೆ ಅದು ಪವಾಡವಾಗಿ ಕೇಳಿಸಿತು, ನಮ್ಮವರಿಗೆ ದೂರಾಗಿ ಕೇಳಿಸಿತು. ಅದ್ಭುತ ಕಥೆಯ ಗುಟ್ಟು ಇಷ್ಟೆ. ನಮ್ಮ ಅಜ್ಜಿಯರು ಅದನ್ನು ಪುಸ್ತಕ ಓದಿ ಕಲಿತದ್ದಲ್ಲ.

ಆದ್ದರಿಂದ ಕಂಡದ್ದನ್ನು ಮಾತ್ರ ಬರೆಯಿರಿ ಎಂಬ ಅಪ್ಪಣೆಯನ್ನು ನಾವು ತೆಗೆದುಕೊಳ್ಳುವುದಿಲ್ಲ. ನೋವನ್ನು ಬರೆಯುವ ಹಕ್ಕು ನಮಗೆ ಕೊಟ್ಟು, ಕನಸನ್ನು ಮಾತ್ರ ಇನ್ನೊಬ್ಬರ ಖಾತೆಗೆ ಬರೆದರೆ ಅದೂ ಒಂದು ಭೂಮಾಲಿಕತ್ವವೇ. 1974ರ ಭೂಸುಧಾರಣೆ ಗೇಣಿದಾರನಿಗೆ ಭೂಮಿ ಕೊಟ್ಟಿತು. ಗೇಣಿ ಚೀಟಿಯೇ ಇಲ್ಲದ ಕೂಲಿಯಾಳಿಗೆ ದಕ್ಕಿದ್ದು ಕಡಿಮೆ. ಕನಸಿನ ಹಂಚಿಕೆಯಲ್ಲಾದರೂ ಹಾಗಾಗಬಾರದು.

ಶಾಲೆಯ ಮಾಸ್ತರರೆ, ಟೀಚರುಗಳೆ, ಲೈಬ್ರರಿ ಕಪಾಟಿನ ಬೀಗ ತೆಗೆಯಿರಿ. ಪುಸ್ತಕ ಹಾಳಾಗುತ್ತದೆ ಎಂದು ಹೆದರಬೇಡಿ, ಹಾಳಾಗುವಷ್ಟು ಓದಲಿ. ಕರ್ವಾಲೊ ಕೊಡಿ, ಮೂಕಜ್ಜಿ ಕೊಡಿ, ಕುಸುಮಬಾಲೆಯನ್ನು ಗಟ್ಟಿಯಾಗಿ ಓದಿ ಹೇಳಿ. ರಾಜಕುಮಾರಿಯ ಪಲ್ಲಕ್ಕಿಯ ಕಥೆ ಬಂದರೆ ಪಲ್ಲಕ್ಕಿ ಹೊತ್ತವರು ಯಾರು ಎಂದು ಮಕ್ಕಳನ್ನೇ ಕೇಳಿ. ಕಾಲೇಜಿನ ಗೆಳೆಯರೆ, ಕೊಪ್ಪಕ್ಕೆ, ಕೇರಿಗೆ, ಕಾಲನಿಗೆ ಹೋಗಿ ಮುದುಕಿಯರ ಕಥೆ ಬರೆದುಕೊಳ್ಳಿ. ಹೇಳಿದವರ ಹೆಸರನ್ನು, ಅವರು ಒಪ್ಪಿದರೆ, ಕಥೆಯ ಮೇಲೆ ದೊಡ್ಡದಾಗಿ ಬರೆಯಿರಿ. ಬರೆಯುವ ಗೆಳೆಯರೆ, ನಮ್ಮ ಕುಂದಾಪ್ರ ಕನ್ನಡದಲ್ಲೇ ಬರೆಯಿರಿ. ‘ಎಂತ ಭಾಷಿ ಮಾರಾಯ ಇದ್’ ಅಂತ ನಗುವವರು ನಗಲಿ.

ಚೋಮನಿಗೆ ಭೂಮಿ ಸಿಗದೇ ಹೋಯಿತು. ಚೋಮ ಉಳುವ ಗದ್ದೆಯನ್ನು, ಅವನ ಮಗ ಈಜಿ ದಡ ಸೇರುವ ಹೊಳೆಯನ್ನು ನಾವು ಬರೆಯುತ್ತೇವೆ. ಅದನ್ನು ಓದಿದವನು ಪುಸ್ತಕ ಮಡಚಿಟ್ಟು, ನಿಜವಾದ ಗದ್ದೆ ಯಾರ ಹೆಸರಲ್ಲಿದೆ ಎಂದು ತಾಲ್ಲೂಕು ಕಚೇರಿಗೆ ಹೋಗಿ ಕೇಳಲಿ.