ಲೇತ್ ಯಾರದ್ದು?

“ಸಾಫ್ಟ್‌ವೇರ್ ಪುಕ್ಸಟ್ಟೆ ಸಿಗುತ್ತಂತಲ್ಲ, ಮತ್ತೆ ನಿಮಗ್ಯಾಕೆ ಇಷ್ಟು ದುಡ್ಡು?” ದಾವಣಗೆರೆಯ ಮಂಡಿಪೇಟೆಯಲ್ಲಾಗಲಿ, ಹರಿಹರದ ಅಕ್ಕಿ ಗಿರಣಿಯಲ್ಲಾಗಲಿ, ವೆಬ್‌ಸೈಟ್ ಮಾಡಿಕೊಡುತ್ತೇವೆಂದು ಹೋದವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಕೇಳುವವರು ಲೆಕ್ಕ ಬಲ್ಲ ವ್ಯಾಪಾರಿಗಳು. ವರ್ಡ್‌ಪ್ರೆಸ್, ಡ್ರುಪಾಲ್ ಮುಂತಾದವನ್ನು ಯಾರು ಬೇಕಾದರೂ ಕಾಸು ಕೊಡದೆ ಇಳಿಸಿಕೊಳ್ಳಬಹುದೆಂದು ಅವರ ಕಿವಿಗೆ ಬಿದ್ದಿದೆ, ಅದು ನಿಜವೂ ಹೌದು. ಆ ನಿಜದಿಂದ ಅವರು ತೆಗೆಯುವ ತೀರ್ಮಾನ ತಪ್ಪು. ಇಂಗ್ಲಿಷಿನವರು ಇಲ್ಲಿ ಎಡವಿದರೆ ಒಪ್ಪಬಹುದು. ಬಿಟ್ಟಿ ಎನ್ನಲಿಕ್ಕೂ ಸ್ವತಂತ್ರ ಎನ್ನಲಿಕ್ಕೂ ಅವರಿಗೆ ಇರುವುದು ‘ಫ್ರೀ’ ಎಂಬ ಒಂದೇ ಮಾತು. ಕನ್ನಡದಲ್ಲಿ ಮುಕ್ತ ಬೇರೆ, ಪುಕ್ಕಟೆ ಬೇರೆ. ಇಂಥ ತಂತ್ರಾಂಶಕ್ಕೆಂದೇ 1989ರಲ್ಲಿ ಬಂದ ಜಿಪಿಎಲ್ ಪರವಾನಗಿ ತಂತ್ರಾಂಶವನ್ನು ದುಡ್ಡಿಗೆ ಮಾರಬೇಡಿ ಎಂದು ಎಲ್ಲಿಯೂ ಹೇಳಿಲ್ಲ. ಪಡೆದವರಿಗೆ ಅದರ ಮೂಲ ಕೋಡ್ ಸಿಗಬೇಕು, ಅದನ್ನು ತಿದ್ದುವ, ಹಂಚುವ ಹಕ್ಕು ಇರಬೇಕು ಎಂಬುದು ಅದರ ಮುಖ್ಯ ಷರತ್ತು. ಬೆಣ್ಣೆದೋಸೆಗೆ ಏನೇನು ಬೀಳುತ್ತದೆಂದು ದಾವಣಗೆರೆಯಲ್ಲಿ ಯಾರಿಗೆ ಗೊತ್ತಿಲ್ಲ? ಆದರೂ ಹೋಟೆಲಿನಲ್ಲಿ ತಿಂದವರು ದುಡ್ಡು ಕೊಟ್ಟೇ ಏಳುತ್ತಾರೆ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಅವಳಿ ಊರುಗಳಲ್ಲಿ ಕೂತು ಫ್ರೀಲ್ಯಾನ್ಸ್ ಆಗಿ ಓಪನ್ ಸೋರ್ಸ್ ಕೆಲಸ ಮಾಡುವವರನ್ನು ಬೆಂಗಳೂರಿನ ನೌಕರಿ ಸಿಗದೆ ಉಳಿದುಕೊಂಡವರೆಂದು ನೋಡುವುದು ಅನ್ಯಾಯ. ಅವರು ತಮ್ಮ ಉಪಕರಣದ ಒಡೆತನವನ್ನು ತಮ್ಮಲ್ಲೇ ಇಟ್ಟುಕೊಂಡ ಕಸುಬುದಾರರು. ಆ ಒಡೆತನದ ಬೆಲೆ ಎಷ್ಟೆಂದು ಕರ್ನಾಟಕದಲ್ಲಿ ಎಲ್ಲರಿಗಿಂತ ಮೊದಲು ತಿಳಿಯಬೇಕಾದವರು ಇದೇ ಊರಿನ ಜನ.

ಏಕೆಂದರೆ ಹರಿಹರ ಲೇತ್‌ಗಳ ಊರು. 1941ರಲ್ಲಿ ಇಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದೇಶದ ನೂರಾರು ಕಾರ್ಖಾನೆಗಳಿಗೆ ಯಂತ್ರ ಮಾಡುವ ಯಂತ್ರಗಳನ್ನು ಕೊಟ್ಟಿತು. ಲೇತ್ ಎಂದರೆ ಉಳಿದೆಲ್ಲ ಯಂತ್ರಗಳ ತಾಯಿ. ಅದರ ಚಕ್‌ಗೆ ಕಚ್ಚಿಸಿದ ಕಬ್ಬಿಣ ತಿರುಗುತ್ತಿರುವಾಗ ಕೂದಲೆಳೆಯಷ್ಟು ಲೋಹ ಸುಲಿದು ತೆಗೆಯುವ ಕೈಯನ್ನು ಪಳಗಿಸಲು ವರ್ಷಗಳು ಬೇಕು. ಅಂಥ ಕೈಗಳು ಹರಿಹರದಲ್ಲಿ ಸಾವಿರಗಟ್ಟಲೆ ಪಳಗಿದವು. ಈ ಶತಮಾನದ ಆರಂಭಕ್ಕೆ ಕಾರ್ಖಾನೆ ಬಾಗಿಲು ಹಾಕಿತು. ಆಗ ಲೇತ್ ನಡೆಸುವ ಟರ್ನರನ ಕೈಯಲ್ಲಿ ಕಸುಬು ಉಳಿಯಿತು, ಲೇತ್ ಉಳಿಯಲಿಲ್ಲ. ಯಂತ್ರ, ಅದರ ನಕ್ಷೆ, ಬಿಡಿಭಾಗದ ಅಚ್ಚು, ಎಲ್ಲವೂ ಕಂಪನಿಯ ಆಸ್ತಿ. ಸಾಲ ಕೊಟ್ಟವರ ಪಟ್ಟಿಗೆ ಸೇರಿದ ಆಸ್ತಿ. ಮೂವತ್ತು ವರ್ಷ ಅದರ ಮುಂದೆ ನಿಂತವನಿಗೆ ಅದರ ಮೇಲೆ ಹಕ್ಕಿರಲಿಲ್ಲ. ಅವನು ಸ್ವಂತ ವರ್ಕ್‌ಶಾಪ್ ಹಾಕಬೇಕೆಂದರೆ ತಾನೇ ಕೈಯಾರೆ ಮಾಡಿದ್ದಂಥ ಯಂತ್ರವನ್ನು ಸಾಲ ಮಾಡಿ ಕೊಳ್ಳಬೇಕಿತ್ತು. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ದಾವಣಗೆರೆಯ ಹತ್ತಿ ಗಿರಣಿಗಳ ಕತೆಯೂ ಬೇರೆಯಲ್ಲ: ಮಗ್ಗ ಮಾಲೀಕರದು, ನೇಯುವ ಕೈ ಮಾತ್ರ ಕಾರ್ಮಿಕನದು. ಈಗ ವೆಬ್ ಕೆಲಸದವರ ಲ್ಯಾಪ್‌ಟಾಪ್ ತೆರೆದು ನೋಡಿ. ಅದರಲ್ಲಿರುವ ಲಿನಕ್ಸ್, ಪಿಎಚ್‌ಪಿ, ಮಾರಿಯಾಡಿಬಿ, ಡ್ರುಪಾಲ್ ಜಗತ್ತಿನ ದೊಡ್ಡ ದೊಡ್ಡ ಸಂಸ್ಥೆಗಳು ಬಳಸುವ ಅದೇ ಯಂತ್ರಗಳು, ಪೂರ್ತಿ ನಕ್ಷೆ ಸಮೇತ. ನಾಳೆ ಕೆಲಸ ಕೊಟ್ಟ ಕಂಪನಿ ಮುಚ್ಚಿದರೂ ಅವನ್ನು ಜಪ್ತಿ ಮಾಡಲು ಯಾವ ಬ್ಯಾಂಕೂ ಬರಲಾರದು. ಕೆಲಸಗಾರನ ಕೈಗೆ ಲೇತನ್ನೂ ಅದರ ನಕ್ಷೆಯನ್ನೂ ಒಟ್ಟಿಗೆ ಕೊಟ್ಟ ಇನ್ನೊಂದು ಕೈಗಾರಿಕೆ ಇದೆಯೆಂದು ನನಗೆ ತೋಚುವುದಿಲ್ಲ.

ಹಾಗಾದರೆ ಗ್ರಾಹಕರು ದುಡ್ಡು ಕೊಡುವುದು ಯಾವುದಕ್ಕೆ? ಒಂದು ಸಣ್ಣ ಕೆಲಸವನ್ನು ಹತ್ತಿರದಿಂದ ನೋಡೋಣ. ವೆಬ್‌ಸೈಟಿಗೆ ರೂಪ ಕೊಡುವ ಬಹುತೇಕ ಥೀಮ್‌ಗಳನ್ನು ಮಾಡಿದವರು ರೋಮನ್ ಅಕ್ಷರಗಳನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ಶೀರ್ಷಿಕೆಯ ಸಾಲಿನ ಎತ್ತರ ಎಷ್ಟೋ ಸಲ ಅಕ್ಷರದ ಅಳತೆಯ ಒಂದೂಕಾಲು ಪಟ್ಟೂ ಇರುವುದಿಲ್ಲ. ಅಲ್ಲಿ ‘ಸ್ವಾತಂತ್ರ್ಯ’ ಎಂದು ಬರೆದರೆ ತ ಅಕ್ಷರದ ಕೆಳಗಿನ ಒತ್ತುಗಳು ಕತ್ತರಿಸಿ ಹೋಗುತ್ತವೆ, ಇಲ್ಲವೇ ಕೆಳಗಿನ ಸಾಲಿನ ತಲೆಕಟ್ಟಿಗೆ ಗುದ್ದುತ್ತವೆ. ಅಂಗಡಿಯವರಿಗೆ ಕಾಣುವುದು ಅಕ್ಷರ ಮುರಿದಿದೆ ಎಂಬುದಷ್ಟೆ. ಕಾರಣ ಫಾಂಟೋ, ಸಾಲಿನ ಎತ್ತರವೋ, ಪುಟ ಕನ್ನಡದ್ದೆಂದು ಬ್ರೌಸರಿಗೆ ತಿಳಿಸದೆ ಬಿಟ್ಟದ್ದೋ ಎಂದು ಹುಡುಕಲು ಅರ್ಧ ದಿನ ಹೋಗಬಹುದು. ತಿದ್ದುವುದು ಎರಡೇ ಸಾಲು. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಕರಪತ್ರವನ್ನು ತಂದು ಅಂಟಿಸಿದಾಗ ಪರದೆಯ ಮೇಲೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಸುರಿಯುವುದನ್ನು ಎಷ್ಟೋ ಜನ ನೋಡಿರುತ್ತಾರೆ. ಅದನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕವನ್ನು ಕನ್ನಡದ ಉತ್ಸಾಹಿಗಳು ಬರೆದು ಮೂಲ ಕೋಡ್ ಸಮೇತ ಬಿಟ್ಟಿದ್ದಾರೆ. 20,000ಕ್ಕೂ ಹೆಚ್ಚು ವಚನಗಳನ್ನು ಹುಡುಕಿ ಓದುವಂತೆ ಮಾಡಿದ ವಚನ ಸಂಚಯ ಎಂಬ ತಾಣವೂ ಇಂಥ ಸ್ವಯಂಸೇವಕ ಶ್ರಮದ ಫಲ. ಇಲ್ಲಿ ಗಮನಿಸಬೇಕಾದದ್ದು ಥೀಮ್‌ನಲ್ಲಿ ತಿದ್ದಿದ ಆ ಎರಡು ಸಾಲು ಎಲ್ಲಿಗೆ ಹೋಗುತ್ತವೆ ಎಂಬುದನ್ನು. ಅದನ್ನು ಥೀಮ್ ಮಾಡಿದವರಿಗೆ ಪ್ಯಾಚ್ ಆಗಿ ಕಳಿಸಿ, ಅವರು ಒಪ್ಪಿಕೊಂಡರೆ, ಮುಂದೆ ಆ ಥೀಮ್ ಬಳಸುವ ಪ್ರತಿಯೊಂದು ಕನ್ನಡ ತಾಣದಲ್ಲೂ ಒತ್ತಕ್ಷರ ನೆಟ್ಟಗಾಗುತ್ತದೆ. ಮುಚ್ಚಿದ ತಂತ್ರಾಂಶವಾದರೆ ಕಂಪನಿಗೆ ದೂರು ಬರೆದು ಕಾಯಬೇಕು. ಕನ್ನಡದ ಗ್ರಾಹಕರು ಎಷ್ಟು ಮಂದಿ ಎಂದು ಎಣಿಸಿ ನೋಡುವ ಕಂಪನಿಗೆ ಆ ದೂರು ಕೊನೆಯ ಸಾಲಿನದು.

ಈ ಒಡೆತನದ ವಾದಕ್ಕೆ ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಹರಿಹರದ ಆ ಕಾರ್ಖಾನೆಯ ಕಡೆಯಿಂದಲೇ ಬರುತ್ತದೆ. ಕಾರ್ಖಾನೆ ಲೇತ್ ಕೊಡಲಿಲ್ಲ, ಒಪ್ಪೋಣ. ಆದರೆ ತಿಂಗಳಿಗೆ ಸರಿಯಾಗಿ ಸಂಬಳ, ಪಿಎಫ್, ಇಎಸ್‌ಐ ಕೊಟ್ಟಿತು. ಫ್ರೀಲ್ಯಾನ್ಸರ್‌ಗೆ ಕಾಯಿಲೆ ಬಿದ್ದ ತಿಂಗಳು ದುಡಿಮೆಯಿಲ್ಲ, ಹೆರಿಗೆ ರಜೆ ಎಂಬುದಿಲ್ಲ, ಮನೆ ಸಾಲಕ್ಕೆ ಹೋದರೆ ಸಂಬಳದ ಚೀಟಿ ಕೇಳುತ್ತಾರೆ. ಇದನ್ನು ಹಗುರ ಮಾಡಿ ಮಾತಾಡುವವರ ಜೊತೆ ನಾನಿಲ್ಲ. ಹತ್ತು ಕಡೆ ಗ್ರಾಹಕರಿದ್ದರೆ ಒಬ್ಬ ಮಾಲೀಕನ ಬಾಗಿಲು ಮುಚ್ಚಿದ ಮಾತ್ರಕ್ಕೆ ಒಲೆ ಆರುವುದಿಲ್ಲ ಎಂಬುದು ಅರ್ಧ ಉತ್ತರ. ಉಳಿದರ್ಧ ಈ ಜಿಲ್ಲೆಯಲ್ಲೇ ಇದೆ. ಚನ್ನಗಿರಿಯಲ್ಲಿ ಅಡಿಕೆ ಬೆಳೆಗಾರರು ತುಮ್ಕೋಸ್ ಎಂಬ ಸಹಕಾರ ಸಂಘ ಕಟ್ಟಿಕೊಂಡರು. ತೋಟ ಅವರವರದು, ಮಾರುಕಟ್ಟೆಯ ಮುಂದೆ ನಿಲ್ಲುವಾಗ ಎಲ್ಲರೂ ಒಂದು. ವೆಬ್ ಕೆಲಸದವರಿಗೂ ವಿಮೆ, ಬಾಕಿ ವಸೂಲಿ, ಒಬ್ಬರು ಹಾಸಿಗೆ ಹಿಡಿದಾಗ ಇನ್ನೊಬ್ಬರು ಸರ್ವರ್ ನೋಡಿಕೊಳ್ಳುವ ಏರ್ಪಾಡು ಇವಿಷ್ಟಕ್ಕಾದರೂ ಅಂಥದೊಂದು ಸಹಕಾರ ಸಂಘ ಏಕಾಗಬಾರದು?

ಎರಡನೆಯ ಆಕ್ಷೇಪ ಮುಕ್ತ ತಂತ್ರಾಂಶದ ಬುಡಕ್ಕೇ ಕೈಹಾಕುತ್ತದೆ: ಎಲ್ಲರದ್ದು ಎಂದಾದದ್ದು ಕೊನೆಗೆ ಯಾರದ್ದೂ ಆಗುವುದಿಲ್ಲ. 2014ರಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬ ಮುಕ್ತ ತಂತ್ರಾಂಶದಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಪತ್ತೆಯಾದಾಗ, ಜಗತ್ತಿನ ವೆಬ್ ವಹಿವಾಟಿನ ಬಹುಭಾಗಕ್ಕೆ ಬೀಗ ಹಾಕುತ್ತಿದ್ದ ಆ ತಂತ್ರಾಂಶಕ್ಕೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್ ಎಂದು ತಿಳಿದುಬಂತು. ಇದು ನಾಚಿಕೆಗೇಡು. ಆದರೆ ಇದರಿಂದ ಸಾಬೀತಾಗುವುದು ಆ ಕೆಲಸಕ್ಕೆ ದುಡ್ಡು ಬೇಕು ಎಂಬುದು. ಕೋಡ್ ಮುಚ್ಚಿಡಬೇಕು ಎಂಬುದು ಅದರಿಂದ ಹುಟ್ಟುವುದಿಲ್ಲ. ಬೆಂಗಳೂರಿನ ಝೀರೋಧಾ ಕಂಪನಿ 2024ರಲ್ಲಿ ವರ್ಷಕ್ಕೆ ಹತ್ತು ಲಕ್ಷ ಡಾಲರ್‌ಗಳ ನಿಧಿಯನ್ನು ಮುಕ್ತ ತಂತ್ರಾಂಶಕ್ಕೆಂದೇ ಘೋಷಿಸಿದ್ದು ಇಂಥ ತಂತ್ರಾಂಶದ ಋಣವನ್ನು ನಮ್ಮ ನಾಡಿನಲ್ಲೂ ಗುರುತಿಸಿದವರಿದ್ದಾರೆ ಎಂಬುದಕ್ಕೆ ಸಾಕ್ಷಿ. ಅದೇ ವರ್ಷ ಇನ್ನೊಂದು ಘಟನೆಯೂ ನಡೆಯಿತು, ಅದು ನನ್ನ ವಾದಕ್ಕೆ ಇನ್ನೂ ಕಷ್ಟದ್ದು: ವರ್ಡ್‌ಪ್ರೆಸ್ ಸಹ-ಸಂಸ್ಥಾಪಕ ಮ್ಯಾಟ್ ಮುಲೆನ್‌ವೆಗ್ ಅವರಿಗೂ ಡಬ್ಲ್ಯುಪಿ ಎಂಜಿನ್ ಎಂಬ ಹೋಸ್ಟಿಂಗ್ ಕಂಪನಿಗೂ ಜಗಳ ಹತ್ತಿ, ಪ್ಲಗಿನ್‌ಗಳು ಅಪ್‌ಡೇಟ್ ಆಗುವ ಸರ್ವರಿನ ಬಾಗಿಲನ್ನೇ ಆ ಕಂಪನಿಗೆ ಮುಚ್ಚಲಾಯಿತು. ಕೋಡ್ ಎಲ್ಲರದ್ದಾದರೂ ಬಾಗಿಲ ಕೀಲಿ ಒಬ್ಬರ ಜೇಬಿನಲ್ಲಿರಬಹುದು ಎಂಬ ಪಾಠ ಅದು, ಒಪ್ಪಲೇಬೇಕು. ಆದರೂ ಕೋಡ್ ಕೈಯಲ್ಲಿದ್ದವರಿಗೆ ಇನ್ನೊಂದು ಬಾಗಿಲು ಕೊರೆಯುವ ದಾರಿ ಉಳಿದಿರುತ್ತದೆ. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶ ಒರಾಕಲ್ ಕಂಪನಿಯ ಪಾಲಾಗುವ ಸೂಚನೆ ಕಂಡ 2009ರಲ್ಲೇ ಅದರ ಮೂಲ ಕರ್ತೃಗಳಲ್ಲೊಬ್ಬರು ಅದೇ ಕೋಡಿನಿಂದ ಮಾರಿಯಾಡಿಬಿಯನ್ನು ಕಟ್ಟಿದರು. ಹರಿಹರದ ಟರ್ನರ್‌ಗಳಿಗೆ ಅಂಥ ದಾರಿ ಇರಲಿಲ್ಲ. ಇನ್ನು ಎಐ ಬಂದ ಮೇಲೆ ಈ ವೆಬ್ ಕೆಲಸದವರೆಲ್ಲ ಯಾಕೆ ಎನ್ನುವವರು, ಹಬ್ಬದ ವ್ಯಾಪಾರದ ದಿನ ಸೈಟ್ ಬಿದ್ದರೆ ಯಾರಿಗೆ ಫೋನ್ ಮಾಡುತ್ತೀರೆಂದು ಹೇಳಲಿ.

ಮುಕ್ತ ತಂತ್ರಾಂಶದ ವಿಷಯದಲ್ಲಿ ಸರ್ಕಾರದ ಮಾತಿಗೂ ನಡೆಗೂ ಅಂತರವಿದೆ. ಕೇಂದ್ರ ಸರ್ಕಾರ 2015ರಲ್ಲೇ ಇ-ಆಡಳಿತದಲ್ಲಿ ಓಪನ್ ಸೋರ್ಸ್‌ಗೆ ಆದ್ಯತೆ ಕೊಡುವ ನೀತಿ ತಂದಿತು. ಟೆಂಡರಿನಲ್ಲಿ ಮಾತ್ರ ಇಷ್ಟು ಲಕ್ಷದ ವಾರ್ಷಿಕ ವಹಿವಾಟು, ಇಷ್ಟು ಮಂದಿ ನೌಕರರು ಎಂಬ ಷರತ್ತು ಹಾಕಿದರೆ ತಂತ್ರಾಂಶ ಮುಕ್ತವಾಗಿದ್ದರೂ ಕೆಲಸ ದೊಡ್ಡ ಕಂಪನಿಯ ಪಾಲಾಗುತ್ತದೆ. ಊರಿನ ಶಾಲೆ, ಸಹಕಾರ ಸಂಘ, ನಗರಸಭೆಯ ಸಣ್ಣ ಕೆಲಸಗಳನ್ನಾದರೂ ಊರಿನ ಕಸುಬುದಾರರಿಗೆ ಎಟಕುವಂತೆ ತುಂಡು ಮಾಡಿ ಟೆಂಡರ್ ಕರೆಯಬೇಕು.

ಆದರೆ ಒಡೆತನದ ವಾದವನ್ನು ಕಸುಬುದಾರರು ತಮಗೊಂದು, ಗ್ರಾಹಕರಿಗೊಂದು ಎಂದು ನಡೆಸುವಂತಿಲ್ಲ. ಕಾಸಿಲ್ಲದೆ ಸಿಕ್ಕ ವರ್ಡ್‌ಪ್ರೆಸ್ ಮೇಲೆ ಸೈಟ್ ಕಟ್ಟಿ, ಡೊಮೈನನ್ನು ಮಾತ್ರ ತಮ್ಮ ಹೆಸರಿನಲ್ಲಿ ಬರೆಸಿಕೊಂಡು, ಪಾಸ್‌ವರ್ಡ್ ಕೊಡದೆ, ವರ್ಷವರ್ಷ ಕೇಳಿದ್ದು ಕೊಡದಿದ್ದರೆ ಸೈಟೇ ಇಳಿಸುತ್ತೇನೆಂದು ಹೆದರಿಸುವವರು ಈ ಕಸುಬಿಗೆ ಮಾಡುವ ದ್ರೋಹ ಸಣ್ಣದಲ್ಲ. ಯಾರದೋ ಔದಾರ್ಯದಿಂದ ತಮಗೆ ಸಿಕ್ಕ ಸ್ವಾತಂತ್ರ್ಯವನ್ನು ಅವರು ಮುಂದಿನವರಿಗೆ ಬೇಡಿಯಾಗಿ ತೊಡಿಸುತ್ತಾರೆ. ಮಂಡಿಪೇಟೆಯ ವ್ಯಾಪಾರಿ ಆಮೇಲೆ ಬರುವ ವೆಬ್ ಕೆಲಸದವರನ್ನು ಅನುಮಾನದಿಂದ ನೋಡುವುದಕ್ಕೆ, ಆ ಮೊದಲಿನ ಪ್ರಶ್ನೆ ಅಷ್ಟು ಒರಟಾಗಿ ಬರುವುದಕ್ಕೆ, ಇದೂ ಒಂದು ಕಾರಣ. ಡೊಮೈನ್ ಅಂಗಡಿಯ ಹೆಸರಿನಲ್ಲಿರಲಿ, ಬ್ಯಾಕಪ್‌ನ ಒಂದು ಪ್ರತಿ ಅಂಗಡಿಯ ಕಂಪ್ಯೂಟರಿನಲ್ಲಿರಲಿ, ಪಾಸ್‌ವರ್ಡುಗಳು ಮೊದಲ ದಿನವೇ ಅವರ ಕೈ ಸೇರಲಿ. ಬಿಲ್ಲಿನ ಮೊದಲ ಸಾಲಿನಲ್ಲಿ ತಂತ್ರಾಂಶ ಸೊನ್ನೆ ರೂಪಾಯಿ ಎಂದು ಧೈರ್ಯವಾಗಿ ಬರೆಯಬಹುದು. ಅದರ ಕೆಳಗೆ ಕಟ್ಟಿದ ದಿನಗಳ ಕೂಲಿ, ಕನ್ನಡ ಸರಿಪಡಿಸಿದ ಕೂಲಿ, ವರ್ಷವಿಡೀ ಅಪ್‌ಡೇಟ್ ಮತ್ತು ಬ್ಯಾಕಪ್ ನೋಡಿಕೊಳ್ಳುವ ಕೂಲಿ ಬೇರೆ ಬೇರೆ ಸಾಲಿನಲ್ಲಿ ಬರಲಿ. ಅಂಥ ಬಿಲ್ಲನ್ನು ಮಂಡಿಪೇಟೆಯವರು ಕೂಡಿ ಕಳೆದು ನೋಡಿ ಚೌಕಾಸಿ ಮಾಡಿಯೇ ಮಾಡುತ್ತಾರೆ. ಆದರೆ ಆ ಚೌಕಾಸಿ ನಡೆಯುವುದು ಕೆಲಸದ ಬೆಲೆಯ ಮೇಲೆ.